ಮಚ್ಚೆಯೋ ಗಂಟೋ ಎಂದು ಬಡಿದಾಡಿದ್ದು

ಮುಧೋಳದಿಂದ ಬರುತ್ತಿದ್ದ ಪಶುವೈದ್ಯರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದವನು ನಾನೇ. ವಯಸ್ಸಿನಲ್ಲಿ ನಮ್ಮಪ್ಪನಷ್ಟಿದ್ದರು. ಜಗಳ ಬಂದದ್ದು ಒಂದು ಇಲಿಯ ಲಿವರಿಗಾಗಿ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅವತ್ತು ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಜಮಖಂಡಿಯ ಒಂದು ಪ್ರಯೋಗಾಲಯದಲ್ಲಿ ಇಬ್ಬರದೂ ಒಂದೇ ಕೆಲಸ. ಎರಡು ವರ್ಷ ಔಷಧಿ ತಿನ್ನಿಸಿ ಕೊಂದ ಬಿಳಿ ಚಿಟ್ಟಿಲಿಗಳ ಲಿವರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಂಡದ್ದಕ್ಕೆ ಹೆಸರು ಬರೆಯುವುದು. ಬಣ್ಣ ಬದಲಾದ ಜೀವಕೋಶಗಳ ಗುಂಪಾದರೆ ಮಚ್ಚೆ, ಗೆಡ್ಡೆಯಾದರೆ ಗಂಟು. ಔಷಧಿಯ ಹಣೆಬರಹ ಅದರ ಮೇಲೆ, ಗಂಟು ಹೆಚ್ಚಾದರೆ ಔಷಧಿಯನ್ನೇ ಕೈಬಿಡಬೇಕು. ಆದರೆ ಮಚ್ಚೆ ಎಲ್ಲಿ ಮುಗಿದು ಗಂಟು ಎಲ್ಲಿ ಶುರುವಾಗುತ್ತದೆ ಎಂದು ನಾವು ಕೂತು ಮಾತಾಡಿಯೇ ಇರಲಿಲ್ಲ. ಇಲಿಗಳ ಮೊದಲ ತಂಡದಲ್ಲಿ ನಾನು ಗಂಟು ಅಂದಲ್ಲೆಲ್ಲ ಅವರು ಮಚ್ಚೆ ಅಂದರು. ವರದಿ ಹೊಂದಲಿಲ್ಲವೆಂದು ಇನ್ನೊಂದು ತಂಡ ಸಾಕಿ ಕೊಂದದ್ದಾಯಿತು. ಮತ್ತೆ ಅದೇ ಹಾಡು. ಮೂರನೆಯ ತಂಡದ ಮಾತು ಎದ್ದಿತ್ತು.

ಕೊಲ್ಲುತ್ತಿದ್ದವರು ನಾವಲ್ಲ, ಸಾವಳಗಿಯಿಂದ ಬಸ್ಸಿಗೆ ಬರುವ, ನಾವೆಲ್ಲ ಅಕ್ಕ ಅನ್ನುತ್ತಿದ್ದ ಕೆಲಸದ ಹೆಂಗಸು. ಇಲಿಗಳಿಗೆ ಕಾಳು ನೀರು ಹಾಕಿ ಬೆಳೆಸುತ್ತಿದ್ದವಳೂ ಅವಳೇ. ಕತ್ತನ್ನು ಹೆಬ್ಬೆರಳಿಂದ ಒತ್ತಿ ಬಾಲದ ಬುಡ ಎಳೆದರೆ ಟಕ್ಕೆಂದು ಮುರಿಯುತ್ತಿತ್ತು. ಕೊಲ್ಲುವ ದಿನ ಆ ಸದ್ದು ಸಂಜೆತನಕ ನಿಲ್ಲುತ್ತಿರಲಿಲ್ಲ.

ಅವತ್ತು ಪಶುವೈದ್ಯರು, ನಿನ್ನ ಕಣ್ಣಾಗ ಗಂಟ ಆಗೇತಿ, ಅದಕ್ಕ ಎಲ್ಲಾ ಕಡೆ ಗಂಟ ಕಾಣತಾವು ಅಂದರು. ಅಷ್ಟೇ ಸಾಕಾಯಿತು. ನೂಕಾಟದಲ್ಲಿ ಎರಡನೇ ತಂಡದ ಸ್ಲೈಡಿನ ಪೆಟ್ಟಿಗೆ ಬಿದ್ದು ಗಾಜು ಕಾಲಡಿ ನುಚ್ಚಾಯಿತು, ಅವರ ತುಟಿ ಒಡೆಯಿತು. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

“ಬಡದಾಡ್ರಿ, ಯಾರ ಬ್ಯಾಡಂತಾರ? ಮತ್ತೊಮ್ಮಿ ಕೊಲ್ಲು ಅಂದ್ರ ನಾ ಬರಂಗಿಲ್ರಿ. ಈ ಕೈಲೆ ಉಣ್ಣಾಕ ಆಗವಲ್ದು.”

ಬನಹಟ್ಟಿಯ ನಮ್ಮ ಮಗ್ಗದ ಮನೆಯಲ್ಲಿ ಸೀರೆಯ ದೋಷಕ್ಕೂ ಹಿಂಗೇ ಹೊಡೆದಾಟ ನಡೆಯುತ್ತಿತ್ತು. ವ್ಯಾಪಾರಿ ಹರಕು ಅಂದದ್ದನ್ನು ನೇಕಾರ ಎಳೆ ಜಾರಿದೆ ಅನ್ನುತ್ತಿದ್ದ. ಒಮ್ಮೆ ಲಾಳಿ ಬೀಸಿ ಒಬ್ಬನ ಹಣೆ ಒಡೆದರು. ಕೊನೆಗೆ ನಮ್ಮಪ್ಪ ಒಂದೊಂದು ದೋಷದ ತುಂಡು ಕತ್ತರಿಸಿ, ಇಬ್ಬರೂ ಒಪ್ಪಿದ ಹೆಸರು ಬರೆದು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ. ಆಮೇಲೆ ತಕರಾರು ಬಂದರೆ ಸೀರೆಯನ್ನು ಆ ತುಂಡಿನ ಪಕ್ಕ ಹಿಡಿದು ನೋಡುತ್ತಿದ್ದರು.

ಅದು ನೆನಪಾಗಿ ಮುಧೋಳಕ್ಕೆ ಹೋಗಿ ಪಶುವೈದ್ಯರ ಕಾಲು ಹಿಡಿದೆ. ಬೈದರು, ಚಹಾ ಕೊಟ್ಟರು, ಬಂದರು. ಇಬ್ಬರೂ ಸೇರಿ ಲಿವರಿನ ಕಲೆಗಳ ಫೋಟೋ ತೆಗೆದು, ಒಪ್ಪಿದ ಹೆಸರು ಬರೆದು ಗೋಡೆಗೆ ಅಂಟಿಸಿದೆವು. ಸುತ್ತಲಿನ ಕೋಶಗಳನ್ನು ಒತ್ತಿ ಚಪ್ಪಟೆ ಮಾಡಿ, ಲಿವರಿನ ಸಹಜ ಸಾಲು ಕೆಡಿಸಿದ್ದರೆ ಗಂಟು. ಬಣ್ಣವಷ್ಟೇ ಬೇರೆಯಾಗಿ ಸಾಲು ಹಾಗೇ ಇದ್ದರೆ ಮಚ್ಚೆ. ಯಾವ ಸ್ಲೈಡು ಯಾವ ಗೂಡಿನದೆಂದು ತಿಳಿಯದಂತೆ ಅಕ್ಕ ಸ್ಲೈಡಿನ ಚೀಟಿಗಳ ಮೇಲೆ ಕಾಗದ ಮೆತ್ತಿದಳು. ಮೊದಲ ತಂಡವನ್ನೇ ಮತ್ತೆ ಓದಿದೆವು. ಇಬ್ಬರ ಪುಸ್ತಕವೂ ಒಂದೇ ಮಾತು ಹೇಳಿತು.

ಕಾಗದ ಕಿತ್ತು ನನ್ನ ಹಳೆಯ ಪುಸ್ತಕಕ್ಕೆ ಹೋಲಿಸಿದೆ. ಔಷಧಿ ತಿಂದ ಇಲಿಯಲ್ಲಿ ಗಂಟು ಎಂದು ಬರೆದಂಥ ಕಲೆಯನ್ನೇ, ಹೋಲಿಕೆಗೆಂದು ಔಷಧಿ ಕೊಡದೆ ಸಾಕಿದ ಇಲಿಯಲ್ಲಿ ಮಚ್ಚೆ ಎಂದು ಬರೆದಿದ್ದೆ. ಚೀಟಿ ನೋಡಿ ಹೆಸರಿಟ್ಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಇಲಿಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. “ಅಂದ್ರ ಎರಡನೇ ಸಲ ಕೊಂದದ್ದು?” ಎಂದಳು. ಬೇಕಾಗಿರಲಿಲ್ಲ ಎಂದೆ.

ಕಾಯಿಲೆಬಿದ್ದ ಮುದಿ ಇಲಿಯೊಂದನ್ನು ಅವತ್ತು ಮುಗಿಸಬೇಕಿತ್ತು. ಅಕ್ಕ ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. “ಇವತ್ತ ನೀವ ಮುರೀರಿ.”

ಅವಳಂತೆಯೇ ಕತ್ತನ್ನು ಹೆಬ್ಬೆರಳಿಂದ ಒತ್ತಿದೆ. ಮೊದಲ ಸಲ ಬಾಲ ಎಳೆದಾಗ ಮುರಿಯಲಿಲ್ಲ, ಇಲಿ ಚೀರಿತು. ಅಕ್ಕನ ಕಡೆ ನೋಡಿದೆ. ಅವಳು ಕೈ ಚಾಚಲಿಲ್ಲ. ಮತ್ತೊಮ್ಮೆ ಎಳೆದೆ. ಟಕ್ಕೆಂದಿತು.