ಒಂದೇ ಬಾವುಟಕ್ಕೆ ಎಲ್ಲರೂ

ದೀಪ ಹಚ್ಚದೆ, ಶಾಲು ಹೊದಿಸದೆ, ಮುಖ್ಯ ಅತಿಥಿಗಾಗಿ ಕಾಯದೆ ಶುರುವಾದದ್ದನ್ನು ಕಾರ್ಯಕ್ರಮ ಎಂದು ಕರೆಯುವ ಪದ್ಧತಿ ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಇಲ್ಲ. ಈ ಪದ್ಧತಿಯ ಬಗ್ಗೆ ನನಗೆ ಬಹುಕಾಲ ಅಪಾರ ಗೌರವವಿತ್ತು. ನನ್ನ ಹೆಂಡತಿಯ ಬಲ ಮೊಣಕೈ ಮುರಿದ ಮೇಲೆ ಅದು ತುಸು ಕಡಿಮೆಯಾಗಿದೆ.

ಅವಳು ಧಾರವಾಡದಲ್ಲಿ ಸೈಕಲ್ ಮೇಲೆ ಕಾಲೇಜಿಗೆ ಹೋಗುತ್ತಿದ್ದವಳು. ಮದುವೆಯಾಗಿ ಮುಲುಂಡಿಗೆ ಬಂದ ಮೇಲೆ ಲೋಕಲ್ ಟ್ರೈನಿನ ಹಿಡಿಕೆಗೆ ಜೋತುಬಿದ್ದು ಇಡೀ ನೌಕರಿ ಮುಗಿಸಿದಳು. ನಿವೃತ್ತಿಯಾದ ತಿಂಗಳೇ ಹೋಗಿ ಒಂದು ಸೈಕಲ್ ತಂದಳು. ಬಿಲ್ಡಿಂಗಿನ ಕಂಪೌಂಡಿನಲ್ಲಿ ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ಹೋಗುವುದು, ಅಲ್ಲಿ ತಿರುಗುವುದು, ವಾಚ್‌ಮನ್ನನ ಕುರ್ಚಿ ತಪ್ಪಿಸಿ ಮತ್ತೆ ಗೇಟಿಗೆ ಬರುವುದು.

"ಗಾಣದ ಎತ್ತ ಆಗೇನಿ ನೋಡ್ರಿ," ಎಂದಳು ಒಂದು ಮುಂಜಾನೆ. "ಒಮ್ಮೆರೆ ಹೊಳ್ಳಲಾರದ ಸೀದಾ ಹೋಗೂವಂಥಾ ದಾರಿ ಸಿಗಬೇಕು."

ಅವಳು ನನ್ನನ್ನು ಏನನ್ನಾದರೂ ಬೇಡಿದ್ದು ಅಪರೂಪ. ಆದ್ದರಿಂದ ನಮ್ಮ ಕನ್ನಡ ಸಂಘದವರು ಗೋರೆಗಾಂವಿನ ಒಳದಾರಿಗಳಲ್ಲಿ ಸೈಕಲ್ ಜಾಥಾ ಮಾಡುವುದಾಗಿ ಸಾರಿದಾಗ ನಾನೇ ಓಡಿಹೋಗಿ ಅವಳ ಹೆಸರು ಕೊಟ್ಟು ಬಂದೆ. ನಾಡು, ನುಡಿ ಮತ್ತು ಆರೋಗ್ಯ ಮೂರನ್ನೂ ಒಂದೇ ಬೆಳಿಗ್ಗೆ ಉದ್ಧರಿಸುವ ಯೋಜನೆ ಅದು. ಸಭೆಗಳಲ್ಲಿ ಚಹಾ ಕುಡಿದು ಸುಮ್ಮನಿರುವವನೆಂಬ ಖ್ಯಾತಿಯಿಂದಾಗಿ ನನ್ನನ್ನು ವ್ಯವಸ್ಥಾ ಸಮಿತಿಗೂ ಸೇರಿಸಿಕೊಂಡರು.

ದಾರಿ ನೋಡಲು ಹೋದೆವು. ಎರಡೂ ಕಡೆ ಮರ, ನಡುನಡುವೆ ಎಮ್ಮೆಗಳ ತಬೇಲಾ. ಅಗಲವೆಂದರೆ ಒಂದು ಟೆಂಪೊ ಮತ್ತು ಒಂದು ಎಮ್ಮೆ ಎದುರಾದರೆ ಟೆಂಪೊ ನಿಲ್ಲಬೇಕು, ಅಷ್ಟು. ಆ ದಿನ ನಾನು ಖ್ಯಾತಿ ಕೆಡಿಸಿಕೊಂಡು ಬಾಯಿ ಬಿಟ್ಟೆ: ಎಲ್ಲರನ್ನೂ ಒಮ್ಮೆಲೇ ಬಿಡಬಾರದು, ಸಣ್ಣ ಸಣ್ಣ ತಂಡ ಮಾಡಿ, ನಡುವೆ ಅಂತರ ಬಿಟ್ಟು ಕಳಿಸಬೇಕು, ಎಮ್ಮೆಗಳು ಹೊರಗೆ ಬರುವ ಮೊದಲೇ ಮುಗಿಸಬೇಕು. ಸಮಿತಿ ಒಕ್ಕೊರಲಿನಿಂದ ಒಪ್ಪಿತು. ಒಕ್ಕೊರಲು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಜಾಥಾದ ದಿನ ಬೆಳಕು ಹರಿಯುವ ಹೊತ್ತಿಗೆ ಜನ ನೆರೆದರು. ಅಂಧೇರಿಯಿಂದ ಬರಬೇಕಿದ್ದ ಮುಖ್ಯ ಅತಿಥಿ ನೆರೆಯಲಿಲ್ಲ. ಹೊತ್ತು ಏರುತ್ತಿತ್ತು.

"ಮೊದಲನೇ ತಂಡ ಬಿಟ್ಟುಬಿಡೂಣ್ರಿ. ಅವರು ಬಂದ ಮ್ಯಾಲೆ ಉಳಿದವರಿಗೆ ಬಾವುಟ ತೋರಸ್ಲಿ," ಎಂದೆ ಕಾರ್ಯದರ್ಶಿಗೆ. ಅವರು ಉಡುಪಿ ಕಡೆಯವರು, ಹೋಟೆಲಿನ ಧಣಿ. ಗಲ್ಲಾದ ಮೇಲೆ ಕೂತವರ ಸಮಾಧಾನ ಅವರಿಗೆ ಸದಾ ಇರುತ್ತದೆ.

"ಎಂತ ಮಾತಾಡ್ತೀರಿ ಮಾರಾಯ್ರೆ! ಅತಿಥಿಗಳು ಬರುವಾಗ ಅರ್ಧ ಜನ ಇಲ್ಲದಿದ್ರೆ ಅವರಿಗೆ ಬೇಜಾರಾಗುದಿಲ್ವಾ? ಫೋಟೋದಲ್ಲಿ ಖಾಲಿ ಖಾಲಿ ಕಾಣ್ತದೆ."

"ಹಂಗಾರ ಅವರು ಬಂದ ಮ್ಯಾಲರೆ ತಂಡ ತಂಡ ಬಿಡ್ರಿ."

"ಎರಡನೇ ತಂಡದಲ್ಲಿ ಯಾರು ನಿಲ್ತಾರೆ ಹೇಳಿ? ಎಲ್ಲರಿಗೂ ಬಾವುಟದ ಹತ್ರವೇ ಬೇಕು. ನಮ್ಮವರೇ ಅಲ್ವಾ, ಅಡ್ಜಸ್ಟ್ ಮಾಡ್ಕೊಳ್ತಾರೆ ಬಿಡಿ."

ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತು ಆಯುಷ್ಯ ಕಳೆದ ಊರಿನವರು ನಾವು. ಭುಜಕ್ಕೆ ಭುಜ ತಾಗದಿದ್ದರೆ ದಾರಿ ತಪ್ಪಿದೆವೇನೋ ಅನ್ನಿಸುತ್ತದೆ. ಟ್ರೈನಿನಲ್ಲಿ ಬೀಳಲು ಜಾಗವೇ ಇರುವುದಿಲ್ಲ, ಸೈಕಲ್ಲಿನಲ್ಲಿ ಇರುತ್ತದೆ ಎಂಬ ವ್ಯತ್ಯಾಸ ಯಾರಿಗೂ ಹೊಳೆಯಲಿಲ್ಲ.

ಅತಿಥಿ ಬಂದರು. ಅವರ ಕಾರು, ಅದರ ಹಿಂದೆ ಹಿಂಬಾಲಕರ ಕಾರು, ಎರಡೂ ನಾವು ತರಿಸಿಟ್ಟಿದ್ದ ಆಂಬ್ಯುಲೆನ್ಸಿನ ಮುಂದೆ ಗಂಭೀರವಾಗಿ ನಿಂತವು. ಗಾಳಿಗೆ ದೀಪ ಹತ್ತಲಿಲ್ಲ, ಹತ್ತುವವರೆಗೆ ಹಚ್ಚಲಾಯಿತು. ಪ್ರಾರ್ಥನೆ, ಶಾಲು, ಹಾರ. ಅತಿಥಿಗಳು ತಮ್ಮ ಬಾಲ್ಯದ ಸೈಕಲ್ಲಿನ ಬಗ್ಗೆ ಮಾತು ಆರಂಭಿಸಿದರು. ನನ್ನನ್ನು ಮೊದಲ ತಿರುವಿನಲ್ಲಿ ಸೀಟಿ ಕೊಟ್ಟು ನಿಲ್ಲಿಸುವುದೆಂದು ಮೊದಲೇ ಆಗಿತ್ತು, ಹೊರಟೆ. ಹೆಲ್ಮೆಟ್ ತೊಟ್ಟು ಗುಂಪಿನ ನಡುವೆ ಸಿಕ್ಕಿಕೊಂಡಿದ್ದ ಹೆಂಡತಿ ಕೂಗಿದಳು: "ರೀ, ಅವರ ಸೈಕಲ್ ಇನ್ನೂ ಎಷ್ಟ ದೂರ ಐತಂತ ಕೇಳ್ರಿ!"

ತಿರುವಿಗೆ ನಾನು ತಲುಪುವಾಗ ಎಮ್ಮೆಗಳೂ ತಲುಪಿದ್ದವು. ಆಗ ಬಾವುಟ ಬಿತ್ತು. ಫಾಸ್ಟ್ ಲೋಕಲ್ ಪ್ಲಾಟ್‌ಫಾರ್ಮಿಗೆ ಬಂದಾಗ ಏಳುತ್ತದಲ್ಲ, ಅಂಥದೇ ಒಂದು ಸದ್ದು ಕೇಳಿಸಿತು. ದಾರಿಯ ಅಂಚಿನಿಂದ ಅಂಚಿಗೆ ತುಂಬಿಕೊಂಡು ಬಂದರು. ನಾನು ಸೀಟಿ ಊದಿದೆ. ಎಲ್ಲರಿಗಿಂತ ಮುಂದಿದ್ದವನು ಒಂದು ಕೈಯಲ್ಲಿ ತನ್ನದೇ ವಿಡಿಯೊ ತೆಗೆಯುತ್ತಿದ್ದ. ಎಮ್ಮೆಯನ್ನು ಕಂಡು ಇನ್ನೊಂದು ಕೈಯಿಂದ ಗಕ್ಕನೆ ಬ್ರೇಕ್ ಹಿಡಿದ. ಅವನ ಹಿಂದಿನವರಿಗೆ ಪಕ್ಕಕ್ಕೆ ಸರಿಯಲು ಪಕ್ಕವೇ ಇರಲಿಲ್ಲ. ಒಬ್ಬರ ಹ್ಯಾಂಡಲ್ ಇನ್ನೊಬ್ಬರ ತೋಳಿಗೆ ಸಿಕ್ಕಿ ಸಾಲುಸಾಲಾಗಿ ಬಿದ್ದರು. ಬಿದ್ದವರ ಹಿಂದೆ ಬೆಲ್ ಬಾರಿಸುತ್ತ, "ನಡೀರಿ, ನಡೀರಿ, ಚಲೋ!" ಎನ್ನುತ್ತ ಇನ್ನೂ ಬರುತ್ತಲೇ ಇದ್ದರು. ಆ ಜಾಗದಲ್ಲಿ ಧೈರ್ಯಗೆಡದೆ ನಿಂತದ್ದು ಎಮ್ಮೆ ಒಂದೇ.

ನನ್ನ ಹೆಂಡತಿಯ ಮೇಲೆ ಎರಡು ಸೈಕಲ್ಲುಗಳಿದ್ದವು. ಎತ್ತಿದಾಗ ಬಲಗೈ ಬಾಗಬಾರದ ಕಡೆಗೆ ಬಾಗಿತ್ತು.

"ಮುಟ್ಟಬ್ಯಾಡ್ರಿ," ಎಂದಳು, ಅಷ್ಟೇ.

ಆಂಬ್ಯುಲೆನ್ಸ್ ಹೊರಡಲಿಲ್ಲ. ಮುಂದಿದ್ದ ಕಾರುಗಳ ಡ್ರೈವರುಗಳು ಚಹಾಕ್ಕೆ ಹೋಗಿದ್ದರು. ಕೊನೆಗೆ ತಬೇಲಾದ ಹಾಲಿನ ಟೆಂಪೊದವನು, "ಭಾಭೀಜೀ ಕೋ ಆಗೇ ಬಿಠಾವೋ," ಎಂದು ತನ್ನ ಪಕ್ಕದ ಸೀಟು ತೋರಿಸಿದ. ಖಾಲಿ ಕ್ಯಾನುಗಳ ಸದ್ದಿನ ನಡುವೆ ಆಸ್ಪತ್ರೆ ಸೇರಿದೆವು.

ಸಂಘದ ಮುಂದಿನ ಸಭೆಯಲ್ಲಿ, ಒಂದು ಸಣ್ಣ ಘಟನೆಯನ್ನು ಬಿಟ್ಟರೆ ಜಾಥಾ ಅಭೂತಪೂರ್ವ ಯಶಸ್ಸು ಎಂದು ವರದಿ ಓದಿದರು. ಸಣ್ಣ ಘಟನೆ ಮನೆಯಲ್ಲಿ ಎಡಗೈಯಿಂದ ಊಟ ಮಾಡುವುದನ್ನು ಕಲಿಯುತ್ತಿತ್ತು. ಮೊಣಕೈಯೊಳಗೆ ಲೋಹದ ಪ್ಲೇಟು ಹಾಕಿದ್ದರು. ಮೊಣಕೈ ಪೂರ್ತಿ ಚಾಚಲಾಗುವುದಿಲ್ಲ, ಹೆಗಲಿಗೂ ಪೆಟ್ಟು ಬಿದ್ದು ಕೈ ಮೇಲೆ ಏಳುವುದಿಲ್ಲ, ಬೆರಳಿಗೆ ಬ್ರೇಕ್ ಹಿಡಿಯುವ ಶಕ್ತಿ ಬರುವುದಿಲ್ಲ, ಸೈಕಲ್ ಮರೆತುಬಿಡಿ ಎಂದರು ಡಾಕ್ಟರು.

ಮರುವರ್ಷ ಕಾರ್ಯದರ್ಶಿಗಳು ಮನೆಗೆ ಬಂದರು. ಕೈಯಲ್ಲಿ ಒಂದು ಶಾಲು ಇತ್ತು.

"ಅಕ್ಕ, ಈ ಸಲ ಮುಖ್ಯ ಅತಿಥಿ ನೀವೇ. ನಿಮ್ಮ ಧೈರ್ಯಕ್ಕೆ ಒಂದು ಸನ್ಮಾನ ಆಗ್ಬೇಕು. ಬಾವುಟ ನೀವೇ ತೋರಿಸುದು."

"ತಂಡ ತಂಡ ಬಿಡ್ತೀರೇನ್ರಿ?"

"ಅದು ಕಷ್ಟ ಅಕ್ಕ. ಜನ ಈ ಸಲ ಇನ್ನೂ ಜಾಸ್ತಿ. ನೀವು ಒಮ್ಮೆ ತೋರಿಸಿದ್ರೆ ಸಾಕು, ಎಲ್ಲರೂ ಒಟ್ಟಿಗೆ ಹೋಗ್ತಾರೆ."

ಅವಳು ಬಲಗೈಯನ್ನು ಏಳುವಷ್ಟು ಎತ್ತಿ ತೋರಿಸಿದಳು. "ಈ ಕೈ ಮ್ಯಾಲೆ ಏಳೂದಿಲ್ಲರಿ."

"ಎಡಗೈಯಲ್ಲಿ ತೋರಿಸಿದ್ರೂ ನಡೀತದೆ."

"ಶುಭ ಕಾರ್ಯಕ್ಕ ಎಡಗೈ ಏನ್ರಿ?"

ಕಾರ್ಯದರ್ಶಿಗಳ ಮುಖ ಮೊದಲ ಸಲ ಗಂಭೀರವಾಯಿತು. ಮುರಿದ ಮೊಣಕೈ, ಇಕ್ಕಟ್ಟಾದ ದಾರಿ, ದಾರಿಗಡ್ಡವಾದ ಕಾರು, ಇವು ಯಾವುವೂ ತಂದಿರದ ಚಿಂತೆ ಅಲ್ಲಿ ಕಾಣಿಸಿಕೊಂಡಿತು.

"ಅದೂ ಹೌದು," ಎಂದರು.

ಬೇರೆ ಅತಿಥಿ ಸಿಕ್ಕರು. ಮನೆಗೆ ತಂದ ಶಾಲನ್ನು ವಾಪಸು ಒಯ್ಯುವುದು ಸರಿಯಲ್ಲವೆಂದು ಬಿಟ್ಟುಹೋದರು. ಈಗ ಅದು ಮೆಟ್ಟಿಲ ಕೆಳಗಿರುವ ಸೈಕಲ್ಲಿನ ಮೇಲಿದೆ. ಪಾರಿವಾಳಗಳು ಸೀಟಿನ ಮೇಲೆ ಹೊಲಸು ಮಾಡುತ್ತಿದ್ದವು.

ಜಾಥಾದ ದಿನ ಬೆಳಿಗ್ಗೆ ಅವಳು ಕಂಪೌಂಡಿನಲ್ಲಿ ನಡೆಯಲು ಇಳಿದಳು. ನಾನು ಗ್ಯಾಲರಿಯಲ್ಲಿ ನಿಂತು ನೋಡಿದೆ. ನೀರಿನ ಟ್ಯಾಂಕಿನವರೆಗೆ ಹೋದಳು. ತಿರುಗಿ ಬಂದಳು.