ಅಂಗಾರಾ ಹೆಪ್ಪುಗಟ್ಟಿದೆಯೇ?

ಕಸ್ತೂರಿ ರಷ್ಯಾವನ್ನು ಒಮ್ಮೆಯೂ ನೋಡಿದವಳಲ್ಲ. ಆದರೆ ಇರ್ಕುತ್ಸ್ಕ್ ಎಂಬ ಊರಿನಲ್ಲಿ ಯಾವ ಬೀದಿ ಯಾವ ಬೀದಿಯನ್ನು ಕೂಡುತ್ತದೆ, ಯಾರೊಸ್ಲಾವ್ಲ್‌ನಲ್ಲಿ ಸಣ್ಣ ನದಿಯೊಂದು ವೋಲ್ಗಾವನ್ನು ಸೇರುವ ಮೂಲೆ ಹೇಗಿದೆ ಎಂದು ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ಹೇಳಿಬಿಡುತ್ತಿದ್ದಳು. ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಬೆಂಗಳೂರಿನಲ್ಲಿ ಬಿ.ಎ. ಓದುವಾಗ ಅವಳು ಸಂಜೆಯ ರಷ್ಯನ್ ತರಗತಿಗೆ ಸೇರಿದ್ದಳು. ಡಿಪ್ಲೊಮಾದಲ್ಲಿ ಮೊದಲಿಗಳಾಗಿ ಬಂದಾಗ ಒಂದು ದಪ್ಪ ಚಿತ್ರಪುಸ್ತಕ ಬಹುಮಾನವಾಗಿ ಸಿಕ್ಕಿತು. ಅದರ ತುಂಬ ಹೆಲಿಕಾಪ್ಟರಿನಿಂದ ತೆಗೆದ ರಷ್ಯದ ನಗರಗಳು. ಒಂದೇ ನಗರವನ್ನು ಚಳಿಗಾಲದಲ್ಲಿ, ವಸಂತದಲ್ಲಿ, ಬೇಸಿಗೆಯಲ್ಲಿ, ಎಲೆ ಉದುರುವ ಕಾಲದಲ್ಲಿ ಆಕಾಶದ ಅದೇ ಎಡೆಯಿಂದ ಮತ್ತೆ ಮತ್ತೆ ತೆಗೆದಿದ್ದರು. ಲೆನಿನ್‌ಗ್ರಾಡಿಗೆ ಹೋಗಿ ಒಂದು ವರ್ಷ ಓದಿ ಬರುವ ಅವಕಾಶವೂ ಅವಳಿಗೆ ಬಂದಿತ್ತು. ಅಷ್ಟರಲ್ಲಿ ಡಾಕ್ಟರ್ ವೇಣುಗೋಪಾಲನ ಸಂಬಂಧ ಕೂಡಿಬಂತು. "ರಷ್ಯಾ ಎಲ್ಲಿಗೂ ಓಡಿಹೋಗಲ್ಲ ಕಣಮ್ಮ, ಇಂಥ ಹುಡುಗ ಮತ್ತೆ ಸಿಗಲ್ಲ" ಎಂದರು ಅವಳ ತಂದೆ. ಹುಡುಗ ಒಳ್ಳೆಯವನೇ. 1973ರಲ್ಲಿ ಅವನಿಗೆ ಪರ್ತ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕಂಕುಳಲ್ಲಿ ಮಗಳು ಅಹಲ್ಯಾ, ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಆ ಪುಸ್ತಕ. ಕಸ್ತೂರಿ ಹೊರಟಳು.

ಪರ್ತ್‌ನ ಜನವರಿಯಲ್ಲಿ ಅಂಗಳದ ಹುಲ್ಲು ಸುಟ್ಟು ಕಂದಾಗುತ್ತಿತ್ತು. ಗಂಡ ಡ್ಯೂಟಿ ಮೇಲೆ ಡ್ಯೂಟಿ ಮಾಡುತ್ತಿದ್ದ. ಕೂಸು ಬಿಟ್ಟರೆ ಹಗಲಿಡೀ ಮಾತಾಡಲು ಒಂದು ಜೀವವಿಲ್ಲ. ಆಗಲೇ ಅವಳಿಗೆ ಆ ಅಭ್ಯಾಸ ಹತ್ತಿತು. ಪುಟದ ಮೇಲೆ ತೆಳುವಾದ ಕಾಗದ ಹಾಸಿ, ಪೆನ್ಸಿಲಿನಿಂದ ಬೀದಿಗಳನ್ನೂ ನದಿಯ ದಡವನ್ನೂ ತಿದ್ದುವುದು; ಗೊತ್ತಿದ್ದ ಕಡೆ ರಷ್ಯನ್ನಿನಲ್ಲಿ ಹೆಸರು ಬರೆಯುವುದು. ಬೇಸಿಗೆಯ ಚಿತ್ರದಲ್ಲಿ ಮರಗಳು ಸಣ್ಣ ಓಣಿಗಳನ್ನೆಲ್ಲ ಮುಚ್ಚಿಬಿಡುತ್ತಿದ್ದವು. ಚಳಿಗಾಲದ ಚಿತ್ರಕ್ಕೆ ಬಂದರೆ ಎಲೆಯಿಲ್ಲದ ಕೊಂಬೆಗಳ ನಡುವೆ ಅವೇ ಓಣಿಗಳು ಕರಿ ದಾರದ ಎಳೆಗಳಂತೆ ಹಿಮದ ಮೇಲೆ ಮೂಡುತ್ತಿದ್ದವು. ಒಂದನ್ನು ನೋಡಿ ಇನ್ನೊಂದನ್ನು ತುಂಬಬೇಕು. ಹಾಗೆ ಮಾಡುತ್ತಾ ಕುಳಿತರೆ ಮಧ್ಯಾಹ್ನ ಸರಿದುಹೋಗುತ್ತಿತ್ತು. ಅವಳಿಗೆ ಬೇಕಾದದ್ದೂ ಅಷ್ಟೇ.

ಮೂರು ವರ್ಷದ ಬಳಿಕ ಅವರು ಅಡಿಲೇಡಿನ ಸ್ಯಾಲಿಸ್‌ಬರಿಗೆ ಹೋದರು. ವೇಣುಗೋಪಾಲ ಅಲ್ಲಿನ ಕ್ಲಿನಿಕ್ಕಿನ ಜೊತೆಗೆ, ಮಿಲಿಟರಿ ಸಾಮಾನು ತಯಾರಿಸುವ ಒಂದು ಕಾರ್ಖಾನೆಯ ಕೆಲಸಗಾರರನ್ನೂ ವಾರಕ್ಕೊಮ್ಮೆ ಪರೀಕ್ಷಿಸುತ್ತಿದ್ದ. ಒಂದು ಭಾನುವಾರ ಮನೆಯ ಹಿತ್ತಲಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಸುಟ್ಟು ತಿನ್ನುವ ಊಟ, ಇಟ್ಟುಕೊಂಡಿದ್ದರು. ಕಾರ್ಖಾನೆಯವರೂ ಕೆಲವರು ಬಂದಿದ್ದರು. ಕೈ ತೊಳೆಯಲು ಒಳಗೆ ಬಂದವರೊಬ್ಬರು ಊಟದ ಮೇಜಿನ ಮೇಲಿದ್ದ ಕಾಗದಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಏನೂ ಕೇಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಸರ್ಕಾರದ ಕಡೆಯವರು ಎಂದು ಹೇಳಿಕೊಂಡು ಇಬ್ಬರು ಬಂದರು. ತುಂಬ ಮರ್ಯಾದಸ್ಥರು. ಚಹಾ ಕುಡಿದರು. "ರಷ್ಯದ ನಗರಗಳ ನಕ್ಷೆ ನಿಮಗೆ ಯಾಕೆ ಬೇಕು?" ಎಂದು ಒಬ್ಬ ಕೇಳಿದ.

"ನೋಡೋಕೆ ಚೆನ್ನಾಗಿವೆ, ಅದಕ್ಕೆ" ಎಂದಳು ಕಸ್ತೂರಿ ತನ್ನ ಇಂಗ್ಲಿಷಿನಲ್ಲಿ. ಹೇಳುವಾಗಲೇ ಆ ಮಾತು ಅವಳ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ಅವರು ಪುಸ್ತಕವನ್ನೂ ಕಾಗದಗಳನ್ನೂ ಒಯ್ದರು. ಸ್ವಲ್ಪ ದಿನದಲ್ಲಿ ವಾಪಸ್ಸೂ ತಂದುಕೊಟ್ಟು, ತೊಂದರೆಗೆ ಕ್ಷಮೆ ಕೇಳಿದರು. ಆದರೆ ಕಾರ್ಖಾನೆಯವರು ವೇಣುಗೋಪಾಲನಿಗೆ ಇನ್ನು ಬರಬೇಕಾಗಿಲ್ಲ ಎಂದು ತಿಳಿಸಿದರು. ಪೌರತ್ವಕ್ಕೆ ಹಾಕಿದ್ದ ಅರ್ಜಿ ಆಗ ಇನ್ನೂ ನಡೆಯುತ್ತಿತ್ತು. ಆ ಸಂಜೆ ಅವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅದನ್ನ ಸುಟ್ಟುಬಿಡು ಕಸ್ತೂರಿ."

"ಅಂಗಡೀಲಿ ಸಿಗೋ ಪುಸ್ತಕ ರೀ ಅದು. ಅದರಲ್ಲಿ ಏನಿದೆ?"

"ಏನಿಲ್ಲ ಅಂತ ನಂಗೊತ್ತು, ನಿಂಗೊತ್ತು. ಅವರಿಗೆ ಹೇಳೋರು ಯಾರು? ನಮ್ಮನ್ನ ವಾಪಸ್ ಕಳಿಸಿಬಿಟ್ರೆ?"

ಮರುದಿನ ಅವಳೇ ಸುಟ್ಟಳು. ಅಲ್ಲಿ ಎಲ್ಲರ ಹಿತ್ತಲಲ್ಲೂ ಕಸ ಸುಡಲು ಇಟ್ಟಿಗೆಯ ಒಂದು ಗೂಡು ಇರುತ್ತಿತ್ತು. ನುಣುಪು ಕಾಗದ ಬೇಗ ಹೊತ್ತಿಕೊಳ್ಳಲಿಲ್ಲ. ಒಂದೊಂದೇ ಹಾಳೆ ಹರಿದು ಹಾಕಬೇಕಾಯಿತು. ಶಾಲೆಯಿಂದ ಬಂದ ಅಹಲ್ಯಾ ಪಕ್ಕದಲ್ಲಿ ನಿಂತು ನೋಡಿ, "ಡೋಂಟ್ ಬರ್ನ್ ದ ಸ್ನೋ ಒನ್, ಮಮ್" ಎಂದಳು. ಕಸ್ತೂರಿ ಆ ಹಾಳೆಯನ್ನೂ ಹಾಕಿದಳು. ಆಮೇಲೆ ಅವಳ ಬಾಯಲ್ಲಿ ಒಂದು ರಷ್ಯನ್ ಪದವೂ ಬರಲಿಲ್ಲ. ಗಂಡನೊಡನೆ ಜಗಳವನ್ನೂ ಆಡಲಿಲ್ಲ. ಮಾತು ಕಡಿಮೆಯಾಯಿತು, ಅಷ್ಟೇ. ಅಡುಗೆ, ಬಟ್ಟೆ, ಮಗಳ ಶಾಲೆ ಎಲ್ಲ ಸರಿಯಾಗಿಯೇ ನಡೆಯಿತು.

ಆ ಊರಿನಲ್ಲಿ ವೇಣುಗೋಪಾಲನಿಗೆ ಮನಸ್ಸು ನಿಲ್ಲಲಿಲ್ಲ. 1981ರಲ್ಲಿ ಬ್ರಿಸ್ಬೇನಿಗೆ ಬಂದು ರನ್‌ಕಾರ್ನ್‌ನಲ್ಲಿ ಮನೆ ಮಾಡಿದರು. ಮೂರು ವರ್ಷವಾದ ಮೇಲೆ, ಜುಲೈ ತಿಂಗಳ ಒಂದು ಮಧ್ಯಾಹ್ನ, ಅವನು ಆಸ್ಪತ್ರೆಯಿಂದ ಬೇಗನೆ ಬಂದು, ಕಾರಿನ ಬೀಗದಕೈ ಕೆಳಗಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಮ್ಮ ವಾರ್ಡಲ್ಲಿ ಒಬ್ರು ರಷ್ಯನ್ ಮುದುಕ್ರು ಇದ್ದಾರೆ. ಸ್ಟ್ರೋಕ್ ಆದ್ಮೇಲೆ ಇಂಗ್ಲಿಷ್ ಎಲ್ಲಾ ಹೋಗ್ಬಿಟ್ಟಿದೆ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಚರ್ಚಿನವರು ಭಾನುವಾರ ಬರ್ತಾರಂತೆ. ಅಲ್ಲೀವರೆಗೂ... ಏನೋ ಒಂದೇ ಮಾತು ಕೇಳ್ತಾನೇ ಇರ್ತಾರೆ, ಯಾರಿಗೂ ತಿಳೀತಿಲ್ಲ. ನೀನು ಬರ್ತೀಯಾ?"

"ನಂಗೆ ಮರ್ತುಹೋಗಿದೆ."

"ಇಲ್ಲ. ನೀನು ಮರೆಯೋಳಲ್ಲ."

"ಸುಟ್ಟುಬಿಡು ಅಂದೋರು ನೀವೇ ಅಲ್ವಾ?"

ಅಷ್ಟು ವರ್ಷಗಳಲ್ಲಿ ಅವಳು ಆ ಮಾತು ಎತ್ತಿದ್ದು ಅದೇ ಮೊದಲು. ವೇಣುಗೋಪಾಲ ನಿಂತಲ್ಲಿಂದ ಕದಲಲಿಲ್ಲ. ಕಸ್ತೂರಿ ಒಲೆ ಆರಿಸಿ, ಸೀರೆ ಬದಲಾಯಿಸಿ ಬಂದಳು.

ಮುದುಕನ ಹೆಸರು ಸ್ಟೆಪಾನ್ ಇವಾನೊವಿಚ್. ಎತ್ತರದ ಆಳು. ಬಲಗೈ ಜೋತುಬಿದ್ದಿತ್ತು, ತುಟಿ ಒಂದು ಕಡೆಗೆ ಎಳೆದಿತ್ತು. ಕಸ್ತೂರಿ ಕುರ್ಚಿ ಎಳೆದುಕೊಂಡು ಕುಳಿತು ನಮಸ್ಕಾರ ಹೇಳಿದಳು. ಪುಸ್ತಕದ ರಷ್ಯನ್, ತುಕ್ಕು ಹಿಡಿದದ್ದು. ಆದರೂ ಮುದುಕನ ಕಣ್ಣು ಅರಳಿತು. ತೊದಲು ಮಾತು ನಿಧಾನವಾಗಿ ಅವಳಿಗೆ ಬಿಡಿಬಿಡಿಯಾಗಿ ಅರ್ಥವಾಯಿತು.

"ರೈಲು ನಿಂತಿದೆ. ಅಜ್ಜಿ ಆ ದಡದಲ್ಲೇ ಉಳಿದಿದ್ದಾಳೆ. ಅಂಗಾರಾ ಹೆಪ್ಪುಗಟ್ಟಿದೆಯೇ? ನಡೆದು ದಾಟಬಹುದೇ?"

ಅಂಗಾರಾ ಎಂದರೆ ಇರ್ಕುತ್ಸ್ಕ್‌ನ ನದಿ. ಊರು ಒಂದು ದಡದಲ್ಲಿ, ರೈಲ್ವೆ ನಿಲ್ದಾಣ ಇನ್ನೊಂದು ದಡದಲ್ಲಿ. ಚಿಕ್ಕವನಿದ್ದಾಗ, ಅಂತರ್ಯುದ್ಧದ ಕಾಲದಲ್ಲಿ, ಮನೆಯವರೊಂದಿಗೆ ಅಲ್ಲಿಂದ ಓಡಿ ಬಂದವನು ಆತ. ಆ ನದಿಯನ್ನು ಕಸ್ತೂರಿ ಬೆರಳಿನಿಂದಲೇ ಬಲ್ಲಳು. ಊರಿನ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಅದು ಊರ ಬಳಿ ಹೆಪ್ಪುಗಟ್ಟುವುದೇ ಇಲ್ಲ. ಪುಸ್ತಕದ ಚಳಿಗಾಲದ ಚಿತ್ರದಲ್ಲಿ ಬಿಳಿ ಮಾಡುಗಳ ನಡುವೆ ನೀರು ಕಪ್ಪಗೆ ಹರಿಯುತ್ತಿತ್ತು, ಅದರ ಮೇಲೆ ಹಬೆ ಏಳುತ್ತಿತ್ತು. ಮುದುಕ ಅವಳ ಮುಖವನ್ನೇ ನೋಡುತ್ತಿದ್ದ.

"ಹೆಪ್ಪುಗಟ್ಟಿದೆ" ಎಂದಳು. "ಗಟ್ಟಿಯಾಗಿದೆ. ಜನ ನಡೆದು ಬರುತ್ತಿದ್ದಾರೆ."

ಅವನು ಉದ್ದನೆಯ ಉಸಿರು ಬಿಟ್ಟು ಕಣ್ಣು ಮುಚ್ಚಿದ. ಬಂದ ದಿನದಿಂದ ಅವನು ಹೀಗೆ ಮಲಗಿದ್ದೇ ಇಲ್ಲ ಎಂದಳು ನರ್ಸ್. ಮನೆಗೆ ಬರುವ ದಾರಿಯಲ್ಲಿ ಕಸ್ತೂರಿ ತಾನಾಗಿಯೇ ಮಾತಾಡಿದಳು. ಪೆಟ್ರೋಲಿಗೆಂದು ಸರ್ವೋ ಬಂಕಿನಲ್ಲಿ ನಿಂತಾಗಲೂ ಅವಳ ಮಾತು ನಿಲ್ಲಲಿಲ್ಲ. ಇರ್ಕುತ್ಸ್ಕ್‌ನ ಬೀದಿಗಳನ್ನು ಕಾರಿನ ಗಾಜಿನ ಮೇಲೆ ಬೆರಳಿನಿಂದ ಗೀಚಿ ತೋರಿಸಿದಳು. ಹೆಂಡತಿ ನಕ್ಕದ್ದನ್ನು ವೇಣುಗೋಪಾಲ ಎಷ್ಟೋ ಕಾಲದ ಮೇಲೆ ಕಂಡ.

ಮರುದಿನ ಬೆಳಿಗ್ಗೆ ಫೋನ್ ಬಂತು. ಮುದುಕ ತಾನೇ ಮಂಚದಿಂದ ಇಳಿಯಲು ಹೋಗಿ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ಕಿಟಕಿಯ ಕಡೆ ಕೈ ಚಾಚಿದ್ದನಂತೆ. ಅದೇ ವಾರ ಕಫ ಕಟ್ಟಿಕೊಂಡು ನ್ಯುಮೋನಿಯಾ ಆಯಿತು. ಚರ್ಚಿನವರು ಬರುವ ಹೊತ್ತಿಗೆ ಅವನಿಗೆ ಪ್ರಜ್ಞೆ ಇರಲಿಲ್ಲ.

ಅಂತ್ಯಕ್ರಿಯೆಗೆ ಕೈಬೆರಳೆಣಿಕೆಯ ಮುದುಕರು ಬಂದಿದ್ದರು. ಸೀರೆಯುಟ್ಟ ಹೆಂಗಸನ್ನು ಕಂಡು ಪಾದ್ರಿ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದರು. "ಒಂದು ದಿನ ಮಾತಾಡಿಸಿದ್ದೆ" ಎಂದಳು ಕಸ್ತೂರಿ.

ಕಾರಿನಲ್ಲಿ ವೇಣುಗೋಪಾಲ ಹೇಳಿದ: "ಅವರು ಹೇಗಿದ್ರೂ ಹೆಚ್ಚು ದಿನ ಉಳೀತಿರ್ಲಿಲ್ಲ. ಡಾಕ್ಟರಾಗಿ ಹೇಳ್ತಿದ್ದೀನಿ."

"ದಾಟಬಹುದು ಅಂತ ನಾನು ಹೇಳ್ದೆ ರೀ. ಅದಕ್ಕೇ ಅಜ್ಜೀನ ಕರ್ಕೊಂಡು ಬರೋಕೆ ಎದ್ದಿದ್ದು."

"ನೀನು ಸಮಾಧಾನ ಮಾಡೋಕೆ ಹೇಳಿದ್ದು."

"ನೀವೂ ನಮ್ಮ ಒಳ್ಳೇದಕ್ಕೇ ಹೇಳಿದ್ರಿ, ಸುಡು ಅಂತ."

ಕೆಲವು ದಿನ ಬಿಟ್ಟು ವೇಣುಗೋಪಾಲ, ಬೇಕಾದರೆ ಅಂಥದೇ ಪುಸ್ತಕ ತರಿಸಿಕೊಡುತ್ತೇನೆ ಎಂದ. ಅವಳು ಬೇಡ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ.

ಮುಂದಿನ ವರ್ಷ ಆಸ್ಪತ್ರೆಯವರು ಮತ್ತೆ ಕರೆದರು. ಈ ಸಲ ಒಬ್ಬ ರಷ್ಯನ್ ಮುದುಕಿ. ಕಸ್ತೂರಿ ಬರಲಾರಳು ಎಂದೇ ವೇಣುಗೋಪಾಲ ತಿಳಿದಿದ್ದ. ಅವಳು ಹೋದಳು. ಮುದುಕಿ ಅವಳ ಕೈ ಹಿಡಿದುಕೊಂಡು, "ನನ್ನ ಮಗ ನಾಳೆ ಬರುತ್ತಾನೆಯೇ?" ಎಂದು ಕೇಳಿದಳು.

"ನನಗೆ ಗೊತ್ತಿಲ್ಲ" ಎಂದಳು ಕಸ್ತೂರಿ.

ಮುದುಕಿ ಕೈ ಬಿಟ್ಟು ಗೋಡೆಯ ಕಡೆಗೆ ಹೊರಳಿದಳು. ಕಸ್ತೂರಿ ಎದ್ದು ಹೋಗಲಿಲ್ಲ. ಗಂಡನ ಡ್ಯೂಟಿ ಮುಗಿಯುವವರೆಗೂ ಮುದುಕಿಯ ಬೆನ್ನನ್ನೇ ನೋಡುತ್ತ ಅಲ್ಲೇ ಕುಳಿತಿದ್ದಳು.