ಮೊದಲು ತಗಡಿನ ಚಳಿ ಬಿಡಿಸುವ ಶಾಬಾನ್

ಶೋಪಿಯಾನಿನಲ್ಲಿ ಈ ಬೆಳಿಗ್ಗೆ ಮಂಜು ನೆಲಕ್ಕಿಳಿದು ಕೂತಿದೆ, ಎದ್ದುಹೋಗುವ ಮನಸ್ಸಿಲ್ಲದ ನೆಂಟನ ಹಾಗೆ. ನಲ್ಲಿಯ ಬಾಯಲ್ಲಿ ಬೆರಳುದ್ದದ ಹಿಮದ ಕಡ್ಡಿ. ಚಿಲ್ಲೈ ಕಲಾನಿನ ನಲವತ್ತು ಕಡುಚಳಿಯ ದಿನಗಳಲ್ಲಿ ಇದು ಹತ್ತೊಂಬತ್ತನೆಯದು. ಮಸೀದಿಯಲ್ಲಿ ಮುಂಜಾನೆಯ ನಮಾಜು ಮುಗಿದಿದೆ. ಅಡಿಯಲ್ಲಿ ಸೌದೆ ಉರಿದು ಮೇಲೆ ಕಲ್ಲುಹಾಸು ಬೆಚ್ಚಗಿರುವ ಹಮಾಮಿನ ಕೋಣೆಯಲ್ಲಿ ನಾಲ್ವರು ಮುದುಕರು ಕಾಲು ಚಾಚಿ ಕೂತಿದ್ದಾರೆ. ಅವರ ಕೆಳಗಿರುವುದು ಬರಿ ಚಾಪೆಯಲ್ಲ. ಚಾಪೆಯಡಿ ಶಾಬಾನ್ ಠೋಕರ್ ರಾತ್ರಿಯೇ ತಂದಿಟ್ಟ ಹನ್ನೆರಡು ಅಂಟುಹಾಳೆಗಳಿವೆ.

"ಏಳಿ ಸಮದ್ ಕಾಕಾ, ನನ್ನ ಹಾಳೆ ಕೊಡಿ."

"ರಾತ್ರಿಯೆಲ್ಲ ನಿನ್ನ ಹಾಳೆಗಳು ಎಷ್ಟು ಬೆಚ್ಚಗೆ ಮಲಗಿದ್ವಪ್ಪಾ! ನಮ್ಮನೆ ಸೊಸೆ ನನಗೂ ಇಷ್ಟು ಉಪಚಾರ ಮಾಡಲ್ಲ," ಎಂದು ಸಮದ್ ಕಾಕಾ ಕೂಗಿ ಹೇಳುತ್ತಾರೆ. ಶಾಬಾನರ ಕಿವಿಯ ವಿಷಯ ಊರಿಗೆಲ್ಲ ಗೊತ್ತು.

"ಇವನ್ನ ಕಾಯಿಸದೇ ಇದ್ರೆ ಅಂಟಲ್ಲ ಕಾಕಾ. ನೀವು ಕಾಯಿಸದೇ ಇದ್ರೂ ಅಂಟ್ಕೊಂಡಿರ್ತೀರಿ."

ಹಮಾಮು ನಗುತ್ತದೆ. ಶಾಬಾನ್ ಹಾಳೆಗಳನ್ನು ಮಗುವನ್ನೆತ್ತಿಕೊಂಡಂತೆ ಫೆರನ್ನಿನ ದೊಗಲೆ ನಿಲುವಂಗಿಯೊಳಗೆ ಸೇರಿಸಿ ಅಂಗಡಿಯತ್ತ ನಡೆಯುತ್ತಾರೆ.

ಐವತ್ತೆಂಟರ ಶಾಬಾನ್ ಗಾಡಿಗಳ ಸದ್ದು ಅಡಗಿಸುವವರು. ಬಾಗಿಲು, ನೆಲ, ಚಾವಣಿಯ ತಗಡು ನಡುಗಿದರೆ ಗಾಡಿ ಗಡಗುಟ್ಟುತ್ತದೆ. ಆ ತಗಡಿಗೆ ಒಳಗಿನಿಂದ ಕಪ್ಪು ರಬ್ಬರಿನಂಥ ಅಂಟುಹಾಳೆ ಹಚ್ಚಿ, ರೋಲರ್ ಉರುಳಿಸಿ ಒತ್ತುತ್ತಾರೆ. ಒಂದು ದೊಡ್ಡ ಗಾಡಿಗೆ ಮೂವತ್ತಾರು ಹಾಳೆ, ಎರಡು ದಿನ. ಸೀಟು, ಕಾಲುಹಾಸು, ಬಾಗಿಲ ಒಳಪಟ್ಟಿ ಎಲ್ಲ ಬಿಚ್ಚಬೇಕು, ಆಮೇಲೆ ಒಂದು ತಿರುಪೂ ಮಿಗದಂತೆ ಜೋಡಿಸಬೇಕು. ಬೆಚ್ಚನೆಯ ದಿನಗಳಲ್ಲಿ ಮಾಡಬೇಕಾದ ಕೆಲಸ ಇದು. ಆದರೆ ಸೇಬಿನ ಸುಗ್ಗಿ ಮುಗಿಯುವ ತನಕ ಯಾವ ಚಾಲಕನಿಗೂ ಬಿಡುವಿಲ್ಲ. ಹಿಮ ಬಿದ್ದು ಗಾಡಿ ನಿಂತಾಗಲೇ ಶಾಬಾನರ ನೆನಪು. ಚಳಿಗಾಲಕ್ಕೆ ಹತ್ತೋ ಹನ್ನೊಂದೋ ಗಾಡಿ.

ಮೊದಲು ಇಪ್ಪತ್ತೆರಡು ವರ್ಷ ಸುತ್ತಿಗೆ ಹಿಡಿದು ನೆಗ್ಗಿದ ತಗಡು ಬಡಿದವರು. ಬಡಿದು ಬಡಿದು ಬಲಗಿವಿ ಹೋಯಿತು. ಎಡಗಿವಿಗೆ, ಸುತ್ತ ಗದ್ದಲವಿಲ್ಲದಿದ್ದರೆ, ಹತ್ತಿರದ ಮಾತು ಒಂದಿಷ್ಟು ಕೇಳುತ್ತದೆ. "ಜೂನಾ ಒಲೆ ಮುಂದೆ ಹಾಡ್ತಾಳಂತೆ, ಮೊಮ್ಮಗಳು ಹೇಳ್ತಾಳೆ," ಎಂದು ಹೆಂಡತಿಯ ಬಗ್ಗೆ ಹೇಳುತ್ತಾರೆ. "ನಂಗೆ ತುಟಿ ಅಲ್ಲಾಡೋದಷ್ಟೇ ಕಾಣುತ್ತೆ. ಮದುವೆಯಾದ ಹೊಸದ್ರಲ್ಲಿ ದಿನಾ ಹಾಡೋಳು. ಆಗ ಸರಿಯಾಗಿ ಕೇಳಿಸ್ಕೋಬೇಕಿತ್ತು."

ಹಾಗಾಗಿ ಕೆಲಸದ ಪರೀಕ್ಷೆ ಅಂಗೈಯಿಂದ. ತಗಡಿಗೆ ಬೆರಳಗಂಟಿನಿಂದ ಕುಟ್ಟಿ, ಇನ್ನೊಂದು ಕೈ ಅದರ ಮೇಲಿಡುತ್ತಾರೆ. ನಡುಕ ಕೈಗೆ ಹತ್ತಿದರೆ ಕೆಲಸ ಮುಗಿದಿಲ್ಲವೆಂದೇ ಲೆಕ್ಕ.

ಇವತ್ತು ಅಂಗಡಿಯಲ್ಲಿರುವುದು ಮಂಜೂರ್ ವಾಗೇ ಅವರ ಹಳೆಯ ಡೀಸೆಲ್ ಟ್ಯಾಕ್ಸಿ. ಇದಕ್ಕೆ ಕೂಲಿಯಿಲ್ಲ. ಮೂರು ಚಳಿಗಾಲದ ಹಿಂದೆ ಇದೇ ಗಾಡಿಗೆ ಹಾಳೆ ಹಚ್ಚುವಾಗ ಕರೆಂಟು ಹೋಗಿ, ತಗಡು ಕಾಯಿಸುವ ಬಿಸಿಗಾಳಿಯ ಯಂತ್ರ ನಿಂತಿತು. ಮಂಜೂರರಿಗೆ ಮದುವೆ ದಿಬ್ಬಣದ ಅವಸರ. ಹಮಾಮಿನಿಂದ ತಂದ ಹಾಳೆ ಬಿಸಿಯಾಗಿದೆಯಲ್ಲ, ಸಾಕು ಎಂದುಕೊಂಡ ಶಾಬಾನ್ ತಣ್ಣನೆಯ ತಗಡಿಗೇ ಹಚ್ಚಿದರು. ಬಿಸಿ ಹಾಳೆಯಡಿ ಹಿಮದ ಪೊರೆ ಕರಗಿ ನೀರಾಯಿತು. ಬಾದಾಮಿ ಹೂ ಬಿಡುವ ಹೊತ್ತಿಗೆ ಹಾಳೆಗಳು ಕಿತ್ತುಬಂದು, ಗಾಡಿ ಮೊದಲಿಗಿಂತ ಜೋರಾಗಿ ಬಡಬಡಿಸತೊಡಗಿತು. ಮಂಜೂರ್ ದಾಕ್ಷಿಣ್ಯಕ್ಕೆ ಬಾಯಿಬಿಡಲಿಲ್ಲ. ಈ ಸಲದ ಸುಗ್ಗಿಯಲ್ಲಿ ಅದೇ ಟ್ಯಾಕ್ಸಿ ಹತ್ತಿ ಬಾಗಿಲ ಮೇಲೆ ಕೈಯಿಟ್ಟಾಗ ಶಾಬಾನರಿಗೆ ತಿಳಿಯಿತು.

"ಯಾಕೋ ಹೇಳ್ಲಿಲ್ಲ?"

"ಬಿಡಿ ಕಾಕಾ, ಸದ್ದು ತಾನೇ," ಎಂದ ಮಂಜೂರ್ ಗಾಡಿ ನಿಲ್ಲಿಸಿ ಉಳಿದದ್ದನ್ನೂ ಹೇಳಿದರು. ಅವರ ತಾಯಿ ರಾಜಾ ದ್ಯದ್‌ಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ನೂಲಿನಷ್ಟು ಉಳಿದಿದೆ. ಪ್ರತಿ ಗುರುವಾರ ಶ್ರೀನಗರದ ಆಸ್ಪತ್ರೆಗೆ ಪಯಣ. "ದಾರಿಯುದ್ದ ಅಮ್ಮ ಮಾತಾಡೋಳು. ನಂಗೇನೂ ಕೇಳ್ತಿರ್ಲಿಲ್ಲ, ಹೂಂ ಹೂಂ ಅಂತಿದ್ದೆ. ಒಂದಿನ ಕೇಳಿದ್ಳಂತೆ, 'ಸತ್ರೆ ನನ್ನ ಎಲ್ಲಿ ಮಣ್ಣು ಮಾಡ್ತೀಯೋ' ಅಂತ. ನಾನು ಕಿತ್ತಳೆ ಕೇಳ್ತಿದಾಳೆ ಅಂದ್ಕೊಂಡು, 'ಬರೋವಾಗ ನೋಡೋಣ ಅಮ್ಮಾ' ಅಂದ್ಬಿಟ್ಟೆ. ಅಮ್ಮನ ಬೆನ್ನಿಗೇ ಬಾಗಿ ಕೂತಿದ್ದ ಹೆಂಡ್ತಿಗೆ ಕೇಳಿಸಿತ್ತು, ಮನೆಗೆ ಬಂದು ಹೇಳಿದ್ಳು. ಆವತ್ತಿಂದ ಅಮ್ಮ ಗಾಡಿಯಲ್ಲಿ ತುಟಿ ಬಿಚ್ಚಿಲ್ಲ. ಮನೇಲೂ ಆ ಮಾತು ಎತ್ತೋಕೆ ನಂಗೆ ಬಾಯಿ ಬರ್ಲಿಲ್ಲ."

ಅದನ್ನು ಕೇಳಿದ ರಾತ್ರಿ ಶಾಬಾನರಿಗೆ ಊಟ ಸೇರಲಿಲ್ಲ. ಇವತ್ತು ಗುರುವಾರ. ಮಧ್ಯಾಹ್ನದೊಳಗೆ ಗಾಡಿ ಹೊರಡಬೇಕು.

ನಿನ್ನೆಯೇ ತಗಡೆಲ್ಲ ಉಜ್ಜಿ, ನೆಲ ಚಾವಣಿ ಮುಗಿಸಿದ್ದಾರೆ. ಉಳಿದದ್ದು ನಾಲ್ಕು ಬಾಗಿಲು. ಕಾಂಗ್ಡಿ ಎಂಬ ಬೆತ್ತ ಹೆಣೆದ ಎರಡು ಮಡಕೆಗಳಲ್ಲಿ ಇದ್ದಿಲ ಕೆಂಡ ತುಂಬಿ ಖಾಲಿ ಗಾಡಿಯೊಳಗಿಟ್ಟು ಬಾಗಿಲು ಮುಚ್ಚುತ್ತಾರೆ. ಉಪ್ಪು ಚಹಾ, ಗಿರ್ದಾ ರೊಟ್ಟಿ ಮುಗಿಯುವಷ್ಟರಲ್ಲಿ ಒಳಗೆ ವಸಂತ ಬಂದಿರುತ್ತದೆ. ಕೆಂಡ ಹೊರಗಿಟ್ಟು, ಗಾಳಿಯಾಡಿಸಿ, ಒಣಬಟ್ಟೆಯಿಂದ ಒರೆಸಿ, ತಗಡಿಗೆ ಕೆನ್ನೆ ತಾಗಿಸಿ ನೋಡುತ್ತಾರೆ. ಬೆಚ್ಚಗಿದೆ. ದೇವರ ಹೆಸರು ಹೇಳಿ ಮೊದಲ ಹಾಳೆಯ ಅಂಚು ಕೂರಿಸುತ್ತಾರೆ. "ಬಾದಾಮಿ ಹೂ ಬಿಟ್ಟಾಗ್ಲೂ ಇದು ಬಿಡಬಾರ್ದು. ಮೇಲಿನವನ ಹತ್ರ ನಾನು ಕೇಳೋದು ಅಷ್ಟೇ."

ಮಧ್ಯಾಹ್ನ ರಾಜಾ ದ್ಯದ್ ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂರುತ್ತಾರೆ. ಪರೀಕ್ಷೆಗೆಂದು ಊರಾಚೆಯವರೆಗೆ ಶಾಬಾನ್ ಹಿಂದೆ ಕೂತಿದ್ದಾರೆ, ಅಂಗೈ ಬಾಗಿಲ ಮೇಲೆ. ಹೆಪ್ಪುಗಟ್ಟಿದ ಹಳ್ಳಗಳ ರಸ್ತೆ. ಕೈಗೆ ನಡುಕ ಹತ್ತುತ್ತಿಲ್ಲ. ಮುದುಕಿಯದೂ ಮಾತಿಲ್ಲ. ಸೇಬಿನ ತೋಟ ದಾಟುತ್ತದೆ, ಸೇತುವೆ ದಾಟುತ್ತದೆ. ಅಂಗೈ ಒಪ್ಪಿದರೆ ಸಾಕೇ ಎಂದು ಶಾಬಾನರಿಗೆ ಮೊದಲ ಬಾರಿ ಅನುಮಾನ.

ಆಗ ಎಡಗಿವಿಗೆ ಏನೋ ತಾಗುತ್ತದೆ. ತುಟಿ ಕಾಣದೆಯೇ ಮಾತು ಕೇಳಿ ಅವರಿಗೆ ಎಷ್ಟೋ ವರ್ಷವಾಗಿದೆ.

"ಮಂಜೂರಾ, ಆವತ್ತು ಕೇಳಿದ್ದಕ್ಕೆ ನೀನೇನೂ ಹೇಳ್ಲೇ ಇಲ್ಲ."

ಮಂಜೂರ್ ಹೂಂ ಎನ್ನುವುದಿಲ್ಲ. ಗಾಡಿಯ ವೇಗ ತಗ್ಗಿಸುತ್ತಾರೆ.

"ಅಪ್ಪನ ಪಕ್ಕದಲ್ಲೇ ಅಮ್ಮಾ," ಎನ್ನುತ್ತಾರೆ, ಬಹಳ ಮೆಲ್ಲಗೆ. "ಆ ಜಾಗ ಯಾರಿಗೂ ಬಿಟ್ಟುಕೊಟ್ಟಿಲ್ಲ."